“ಮಿಸ್, ಅದು ನಮಗೆ ಬರಲ್ವಾ?”: ಹುಡುಗರಿಗೂ ಶಾಲೆಯಲ್ಲೇ ಎಚ್‌ಪಿವಿ ಲಸಿಕೆ ಬೇಡವೇ?

ಏಳನೇ ಕ್ಲಾಸ್ ಟೀಚರ್
ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಮ್ಮ ಶಾಲೆಗೆ ಲಸಿಕೆ ತಂಡ ಬಂದಿತ್ತು. ಎಚ್‌ಪಿವಿ ಲಸಿಕೆ, ಅಂದರೆ ಗರ್ಭಕಂಠದ ಕ್ಯಾನ್ಸರ್ ತರುವ ಹ್ಯೂಮನ್ ಪ್ಯಾಪಿಲೋಮಾ ವೈರಸ್ ತಡೆಯುವ ಲಸಿಕೆ, ಹುಡುಗಿಯರಿಗೆ ಮಾತ್ರ. ನಾನು ಕ್ಲಾಸಿಗೆ ಹೋಗಿ “ಹುಡುಗಿಯರು ಮಾತ್ರ ಸಾಲಾಗಿ ಬನ್ನಿ” ಎಂದೆ. ಹಿಂದಿನ ಬೆಂಚಿನಲ್ಲಿ ಗುಸುಗುಸು ಶುರುವಾಯಿತು, ಆಮೇಲೆ ನಗು. ಹುಡುಗಿಯರು ಏನೋ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿಕೊಂಡು ಹೊರಗೆ ಬಂದರು. ಅದನ್ನು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು.

ಆಗ ಒಬ್ಬ ಹುಡುಗ ಎದ್ದು ನಿಂತು ಕೇಳಿದ: “ಮಿಸ್, ಅದು ನಮಗೆ ಬರಲ್ವಾ?” ಅವನು ತಮಾಷೆಗೆ ಕೇಳಲಿಲ್ಲ. ನಿಜವಾಗಿ ತಿಳಿಯಬೇಕಿತ್ತು ಅವನಿಗೆ. ನಾನು ಅವಸರದಲ್ಲಿ “ಇಲ್ಲಪ್ಪ, ಅದು ಹೆಂಗಸರ ಕಾಯಿಲೆ” ಎಂದುಬಿಟ್ಟೆ.

ಸಂಜೆ ಮನೆಗೆ ಬಂದು ಓದಿದೆ. ನಾನು ಕೊಟ್ಟ ಉತ್ತರ ತಪ್ಪು. ಈ ವೈರಸ್ ಗಂಡು ಹೆಣ್ಣು ಅಂತ ನೋಡುವುದಿಲ್ಲ. ಗಂಡಸರಿಗೆ ಗಂಟಲ ಕ್ಯಾನ್ಸರ್, ಗುದದ್ವಾರದ ಕ್ಯಾನ್ಸರ್, ಶಿಶ್ನದ ಕ್ಯಾನ್ಸರ್ ಬರಬಹುದು. ಹಾಗಿದ್ದರೆ ಅರ್ಧ ಕ್ಲಾಸನ್ನು ಬಿಟ್ಟು ಲಸಿಕೆ ಹಾಕುವುದು ಯಾಕೆ? ಗೊತ್ತಿದ್ದವರು ದಯವಿಟ್ಟು ಹೇಳಿ. ಆ ಹುಡುಗನಿಗೆ ಸರಿಯಾದ ಉತ್ತರ ಕೊಡಬೇಕು ನಾನು.

ಗುಬ್ಬಿಗೂಡು
ನನ್ನ ಮಗನಿಗೆ ಈಗ 12. ಅವನಿಗೂ ಬೇಕು. ಇದರಲ್ಲಿ ಚರ್ಚೆ ಮಾಡುವುದಕ್ಕೆ ಏನಿದೆ?

ಲೆಕ್ಕ ನೋಡೋಣ
ಚರ್ಚೆ ಮಾಡುವುದಕ್ಕೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ನೋಡಿ. 2019ರಲ್ಲಿ ಎಚ್‌ಪಿವಿಯಿಂದ ಹೆಂಗಸರಲ್ಲಿ ಸುಮಾರು 6,20,000 ಕ್ಯಾನ್ಸರ್, ಗಂಡಸರಲ್ಲಿ ಸುಮಾರು 70,000. ಹೆಚ್ಚುಕಡಿಮೆ ಒಂಬತ್ತು ಪಟ್ಟು ವ್ಯತ್ಯಾಸ. ಕೈಯಲ್ಲಿ ಇರುವ ಡೋಸ್ ಕಡಿಮೆ ಇದ್ದರೆ ಮೊದಲು ಯಾರಿಗೆ ಹಾಕುತ್ತೀರಿ? ಹುಡುಗರಿಗೆ ಬೇಡ ಅನ್ನುತ್ತಿಲ್ಲ ನಾನು. ಸರದಿ ಯಾವುದು ಅಂತ ಕೇಳುತ್ತಿದ್ದೇನೆ.

ಗುಬ್ಬಿಗೂಡು
70,000 ಅಂದರೆ ಸಣ್ಣ ಸಂಖ್ಯೆಯಾ ಸರ್? ಅಷ್ಟೂ ಜನರಿಗೆ ಮನೆಯವರಿದ್ದಾರೆ.

ಲೆಕ್ಕ ನೋಡೋಣ
ಸಣ್ಣದಲ್ಲ ಅಮ್ಮ. ಆದರೆ ಗರ್ಭಕಂಠದ ಕ್ಯಾನ್ಸರ್ ಒಂದರಿಂದಲೇ 2022ರಲ್ಲಿ ಸುಮಾರು 3,50,000 ಹೆಂಗಸರು ಸತ್ತಿದ್ದಾರೆ. ಅವರಿಗೂ ಮನೆಯವರಿದ್ದರು. ಅವರಲ್ಲಿ ಹೆಚ್ಚಿನವರು ಬಡ ದೇಶಗಳವರು, ಲಸಿಕೆ ಇನ್ನೂ ಸರಿಯಾಗಿ ತಲುಪದ ಕಡೆಯವರು.

ಮಕ್ಕಳ ಡಾಕ್ಟರ್
ಇಬ್ಬರೂ ಹೇಳುವುದು ಸರಿ. ಅದಕ್ಕೇ ಈ ವಿಷಯ ಕಷ್ಟ.

ಮೊದಲು ಟೀಚರ್ ಕೇಳಿದ್ದಕ್ಕೆ ಉತ್ತರ. ಎಚ್‌ಪಿವಿಯಲ್ಲಿ 200ಕ್ಕೂ ಜಾಸ್ತಿ ಬಗೆಗಳಿವೆ. ಹೆಚ್ಚಿನವು ಏನೂ ಮಾಡದೆ ಒಂದೆರಡು ವರ್ಷದಲ್ಲಿ ತಾವಾಗಿಯೇ ಹೋಗುತ್ತವೆ. ಕೆಲವು ಮಾತ್ರ ದೇಹದಲ್ಲಿ ಉಳಿದುಕೊಂಡು ವರ್ಷಗಟ್ಟಲೆ ಆದಮೇಲೆ ಕ್ಯಾನ್ಸರ್ ಮಾಡುತ್ತವೆ. 16 ಮತ್ತು 18 ಎಂಬ ಎರಡು ಬಗೆಗಳೇ ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಶೇಕಡಾ 70ರಷ್ಟಕ್ಕೆ ಕಾರಣ. ಈ 16 ಇದೆಯಲ್ಲ, ಅದೇ ಗಂಡಸರ ಗಂಟಲಿಗೂ ಕಂಟಕ. ನಾಲಿಗೆಯ ಬುಡ, ಟಾನ್ಸಿಲ್ ಇರುವ ಜಾಗದಲ್ಲಿ ಕೂರುತ್ತದೆ. ಅಮೆರಿಕದಲ್ಲಿ ಈಗ ಎಚ್‌ಪಿವಿಯಿಂದ ಬರುವ ಕ್ಯಾನ್ಸರ್‌ಗಳಲ್ಲಿ ಗಂಟಲಿನದೇ ಜಾಸ್ತಿ, ಗರ್ಭಕಂಠದ್ದಕ್ಕಿಂತ. ಅದರಲ್ಲಿ ಬಹುಪಾಲು ಗಂಡಸರು.

ಇನ್ನೊಂದು ವಿಷಯವನ್ನು ಜನ ಗಮನಿಸುವುದಿಲ್ಲ. ಹೆಂಗಸರಿಗೆ ಗರ್ಭಕಂಠದ ತಪಾಸಣೆ ಇದೆ, ಕ್ಯಾನ್ಸರ್ ಆಗುವ ಮೊದಲೇ ಹಿಡಿಯಬಹುದು. ಗಂಟಲಿಗೆ ಅಂಥ ತಪಾಸಣೆ ಇಲ್ಲ. ಗಂಡಸರ ಪಾಲಿಗೆ ಇರುವುದು ಲಸಿಕೆ ಒಂದೇ.

ನೀಲಿ ಕೊಡೆ
ಡಾಕ್ಟರ್ ಹೇಳಿದ್ದು ನಮ್ಮ ಮನೆಯ ಕಥೆ. ನನ್ನ ಅಣ್ಣನಿಗೆ 52ನೇ ವಯಸ್ಸಿನಲ್ಲಿ ಟಾನ್ಸಿಲ್ ಕ್ಯಾನ್ಸರ್ ಬಂತು. ಬೀಡಿ ಸಿಗರೇಟು ಮುಟ್ಟಿದವನಲ್ಲ. ಕುತ್ತಿಗೆಯಲ್ಲಿ ಒಂದು ಗಂಟು, ನೋವಿಲ್ಲ, ಅಷ್ಟೇ. ಮೊದಲು ತೋರಿಸಿದ ಕಡೆ ಸುಮ್ನೆ ಸೋಂಕು ಇರಬೇಕು ಅಂತ ಮಾತ್ರೆ ಕೊಟ್ಟು ಕಳಿಸಿದರು. ಹೀಗೇ ನಾಲ್ಕು ತಿಂಗಳು ಹೋಯಿತು. ಆಮೇಲೆ ಬಯಾಪ್ಸಿ ಮಾಡಿದಾಗ ಎಚ್‌ಪಿವಿ ಅಂದರು. ಅಣ್ಣ ಕೇಳಿದ ಮೊದಲ ಮಾತು, “ಅದು ಹೆಂಗಸರದ್ದಲ್ವಾ?”

ರೇಡಿಯೇಷನ್ ಆಯಿತು. ಬದುಕಿದ್ದಾನೆ, ದೇವರು ದೊಡ್ಡವನು. ಆದರೆ ಎಂಜಲು ಬತ್ತಿಹೋಗಿದೆ. ಒಂದು ತುತ್ತು ನುಂಗಲು ಎರಡು ಗುಟುಕು ನೀರು ಬೇಕು. ಹಾಡುತ್ತಿದ್ದವನು, ಈಗ ಹಾಡುವುದಿಲ್ಲ.

ಟೀಚರ್, ನಿಮ್ಮ ಹುಡುಗ ಏಳನೇ ಕ್ಲಾಸಿನಲ್ಲಿ ಕೇಳಿದ್ದನ್ನೇ ನಮ್ಮಣ್ಣ 52ಕ್ಕೆ ಕೇಳಿದ. ದಯವಿಟ್ಟು ಅವನಿಗೆ ಸರಿಯಾದ ಉತ್ತರ ಕೊಡಿ.

ಏಳನೇ ಕ್ಲಾಸ್ ಟೀಚರ್
ಓದಿ ಕಣ್ಣು ತುಂಬಿತು. ಖಂಡಿತ ಕೊಡುತ್ತೇನೆ.

ಹಾಗಾದರೆ ಹೇಗೆ
ಒಂದು ಪ್ರಶ್ನೆ. ಹುಡುಗಿಯರಿಗೆಲ್ಲ ಲಸಿಕೆ ಆದರೆ ಹುಡುಗರಿಗೆ ಸೋಂಕು ಬರುವುದು ಎಲ್ಲಿಂದ? ಒಂದು ಕಡೆ ಬಾಗಿಲು ಹಾಕಿದರೆ ಸಾಕಲ್ವಾ?

ಲೆಕ್ಕ ನೋಡೋಣ
ನಾನು ಹೇಳಬೇಕೆಂದಿದ್ದೂ ಅದೇ. ಆಸ್ಟ್ರೇಲಿಯಾದಲ್ಲಿ 2007ರಲ್ಲಿ ಶಾಲೆಗಳಲ್ಲಿ ಹುಡುಗಿಯರಿಗೆ ಶುರು ಮಾಡಿದರು. ಹುಡುಗರಿಗೆ ಕೊಡುವ ಮೊದಲೇ, ಕೆಲವೇ ವರ್ಷಗಳಲ್ಲಿ, ಹೆಣ್ಣುಗಳ ಜೊತೆ ಸಂಬಂಧ ಇರುವ ಹರೆಯದ ಗಂಡಸರಲ್ಲೂ ಜನನಾಂಗದ ನರಹುಲಿ ತುಂಬಾ ಇಳಿಯಿತು. ಆ ನರಹುಲಿಯೂ ಎಚ್‌ಪಿವಿಯದೇ, 6 ಮತ್ತು 11ನೇ ಬಗೆ. ಹುಡುಗಿಯರ ಲಸಿಕೆಯೇ ಹುಡುಗರನ್ನೂ ಕಾಯಿತು.

ಸಂಜೆಗಾಳಿ
ಎಲ್ಲ ಹುಡುಗರನ್ನೂ ಕಾಯಲಿಲ್ಲ ಸರ್. ಅದೇ ಆಸ್ಟ್ರೇಲಿಯಾದ ಲೆಕ್ಕದಲ್ಲಿ, ಗಂಡಸರ ಜೊತೆ ಸಂಬಂಧ ಇರುವ ಗಂಡಸರಲ್ಲಿ ಆ ಇಳಿಕೆ ಕಾಣಲಿಲ್ಲ. ನಾನು ಅವರಲ್ಲಿ ಒಬ್ಬ, ಅದಕ್ಕೇ ಹೇಳುತ್ತಿದ್ದೇನೆ. ನಮ್ಮಲ್ಲಿ ಗುದದ್ವಾರದ ಕ್ಯಾನ್ಸರ್ ಅಪಾಯ ಬೇರೆಯವರಿಗಿಂತ ಎಷ್ಟೋ ಪಟ್ಟು ಜಾಸ್ತಿ. ಹುಡುಗಿಯರಿಗೆ ನೂರಕ್ಕೆ ನೂರು ಲಸಿಕೆ ಹಾಕಿದರೂ ನಮಗೆ ಉಪಯೋಗ ಇಲ್ಲ.

“ನಿಮಗೆ ದೊಡ್ಡವರಾದ ಮೇಲೆ ಬೇರೆ ಕೊಡುತ್ತೇವೆ” ಅನ್ನುವವರಿದ್ದಾರೆ. ಇಂಗ್ಲೆಂಡ್‌ನಲ್ಲಿ 2018ರಿಂದ ಕ್ಲಿನಿಕ್‌ಗಳಲ್ಲಿ 45 ವರ್ಷದವರೆಗೆ ಹಾಗೆ ಕೊಡುತ್ತಿದ್ದಾರೆ, ಒಳ್ಳೆಯದೇ. ಆದರೆ ಲಸಿಕೆ ಸರಿಯಾಗಿ ಕೆಲಸ ಮಾಡುವುದು ಸೋಂಕು ತಗಲುವ ಮೊದಲು ಹಾಕಿದರೆ. 12 ವರ್ಷದ ಹುಡುಗ ಎದ್ದು ನಿಂತು “ನಾನು ಇಂಥವನು, ನನಗೆ ಕೊಡಿ” ಅಂತ ಹೇಳುತ್ತಾನಾ? ಅವನಿಗೇ ಇನ್ನೂ ಗೊತ್ತಿರುವುದಿಲ್ಲ. ಕ್ಲಾಸಿನ ಎಲ್ಲರಿಗೂ ಹಾಕಿದರೆ ಯಾರೂ ಏನೂ ಹೇಳಬೇಕಾಗಿಲ್ಲ.

ಗುಬ್ಬಿಗೂಡು
ಈ ಕೋನ ನನ್ನ ತಲೆಗೇ ಹೊಳೆದಿರಲಿಲ್ಲ. ಧನ್ಯವಾದ ತಮ್ಮ.

ಲೆಕ್ಕ ನೋಡೋಣ
ಸಂಜೆಗಾಳಿ, ನೀವು ಹೇಳಿದ್ದನ್ನು ಒಪ್ಪುತ್ತೇನೆ. ಅದಕ್ಕೆ ನನ್ನ ಬಳಿ ಎದುರು ಮಾತಿಲ್ಲ.

ಲಸಿಕೆ ನರ್ಸ್
ನಾನು ಶಾಲೆಗಳಿಗೆ ಹೋಗಿ ಇಂಜೆಕ್ಷನ್ ಹಾಕುವವಳು. ಇಲ್ಲಿ ಒಂದು ಹಳೆಯ ಪಾಠ ನೆನಪಿಗೆ ಬರುತ್ತಿದೆ: ರುಬೆಲ್ಲಾ.

ಬಸುರಿಗೆ ರುಬೆಲ್ಲಾ ಬಂದರೆ ಹೊಟ್ಟೆಯ ಮಗುವಿಗೆ ಕಣ್ಣು, ಕಿವಿ, ಹೃದಯದ ತೊಂದರೆ ಆಗುತ್ತದೆ. ಅದಕ್ಕೆ ಬ್ರಿಟನ್‌ನಲ್ಲಿ 1970ರಿಂದ ಶಾಲೆಯಲ್ಲಿ ಹುಡುಗಿಯರಿಗೆ ಮಾತ್ರ ಆ ಲಸಿಕೆ ಹಾಕಿದರು. “ಕಷ್ಟ ಆಗುವುದು ಹೆಂಗಸರಿಗೆ, ಆದ್ದರಿಂದ ಹುಡುಗಿಯರಿಗೆ ಹಾಕಿದರೆ ಸಾಕು” ಎಂಬ ಇದೇ ಲೆಕ್ಕ. ಆದರೆ ರೋಗ ಹುಡುಗರಲ್ಲಿ, ಸಣ್ಣ ಮಕ್ಕಳಲ್ಲಿ ಸುತ್ತುತ್ತಲೇ ಇತ್ತು. ಲಸಿಕೆ ತಪ್ಪಿಸಿಕೊಂಡಿದ್ದ ಬಸುರಿಯರಿಗೆ ಮನೆಯ ಮಕ್ಕಳಿಂದಲೇ ಅಂಟುತ್ತಿತ್ತು. ಕೊನೆಗೆ 1988ರಲ್ಲಿ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಎಂಎಂಆರ್ ಲಸಿಕೆ ತಂದು ಗಂಡು ಹೆಣ್ಣು ಎನ್ನದೆ ಎಲ್ಲ ಮಕ್ಕಳಿಗೂ ಹಾಕಲು ಶುರು ಮಾಡಿದರು. ಇದನ್ನು ತಿದ್ದಿಕೊಳ್ಳಲು 18 ವರ್ಷ ಹಿಡಿಯಿತು. ಇನ್ನೊಂದು ಸಲ ಅಷ್ಟು ಕಾಯಬೇಕಾ?

ಲೆಕ್ಕ ನೋಡೋಣ
ಸಿಸ್ಟರ್, ಹೋಲಿಕೆ ಪೂರ್ತಿ ಕೂರುವುದಿಲ್ಲ. ರುಬೆಲ್ಲಾ ಕೆಮ್ಮಿದರೆ, ಸೀನಿದರೆ ಹರಡುತ್ತದೆ. ತರಗತಿಯಲ್ಲಿ ಒಬ್ಬನಿಂದ ಎಲ್ಲರಿಗೂ. ಎಚ್‌ಪಿವಿ ಹರಡುವುದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ. ಹುಡುಗಿಯರಲ್ಲಿ ಶೇಕಡಾ 90ರಷ್ಟು ಜನಕ್ಕೆ ಲಸಿಕೆ ಆದರೆ ಅದರ ದಾರಿ ಬಹುಪಾಲು ಮುಚ್ಚಿಹೋಗುತ್ತದೆ. ರುವಾಂಡಾ ನೋಡಿ. 2011ರಲ್ಲಿ ಶಾಲೆಗಳ ಮೂಲಕ ಶುರು ಮಾಡಿ ಮೊದಲ ವರ್ಷವೇ 90 ದಾಟಿಸಿದರು. ಶ್ರೀಮಂತ ದೇಶಗಳಿಗಿಂತ ಚೆನ್ನಾಗಿ ಮಾಡಿದರು. ಅಂಥ ಕಡೆ ಹುಡುಗರನ್ನು ಸೇರಿಸಿದರೆ ಸಿಗುವ ಹೆಚ್ಚಿನ ಲಾಭ ಕಡಿಮೆ.

ಲಸಿಕೆ ನರ್ಸ್
90 ಆದರೆ, ಸರ್. ಆಗದ ಕಡೆ? ನಾನು ಹೋಗುವ ಶಾಲೆಗಳಲ್ಲಿ ಒಂದರಲ್ಲಿ ಎಲ್ಲರೂ ಹಾಕಿಸಿಕೊಳ್ಳುತ್ತಾರೆ, ಪಕ್ಕದ ಶಾಲೆಯಲ್ಲಿ ಅರ್ಧ ಜನ ಆ ದಿನ ರಜೆ. ಫಿನ್‌ಲೆಂಡ್‌ನಲ್ಲಿ 33 ಊರುಗಳನ್ನು ಗುಂಪು ಮಾಡಿ ಪರೀಕ್ಷೆ ನಡೆಸಿದ್ದರು, ಕೆಲವು ಕಡೆ ಹುಡುಗಿಯರಿಗೆ ಮಾತ್ರ, ಕೆಲವು ಕಡೆ ಇಬ್ಬರಿಗೂ. ಲಸಿಕೆ ಪಡೆದವರ ಪ್ರಮಾಣ ಸುಮಾರಾಗಿದ್ದರೂ, ಇಬ್ಬರಿಗೂ ಹಾಕಿದ ಊರುಗಳಲ್ಲಿ ಲಸಿಕೆ ಪಡೆಯದ ಹುಡುಗಿಯರಿಗೂ ರಕ್ಷಣೆ ಜಾಸ್ತಿ ಸಿಕ್ಕಿತು. ಅಂದರೆ ಹುಡುಗರಿಗೆ ಹಾಕುವುದು ಹುಡುಗಿಯರ ಪಾಲು ಕಿತ್ತುಕೊಂಡ ಹಾಗಲ್ಲ.

ಪ್ರಶ್ನೆ ಚಿಹ್ನೆ
ಎಲ್ಲ ಸರಿ. ಆದರೆ ಆರೋಗ್ಯವಾಗಿರುವ ಮಗುವಿಗೆ, 40 ವರ್ಷ ಆದಮೇಲೆ ಬರಬಹುದಾದ ಕಾಯಿಲೆಗೆ ಈಗಲೇ ಯಾಕೆ ಚುಚ್ಚಬೇಕು? ಮುಂದೆ ಮಕ್ಕಳಾಗುವುದಿಲ್ಲ ಅಂತೆಲ್ಲ ವಾಟ್ಸ್ಆ್ಯಪ್‌ನಲ್ಲಿ ಬರುತ್ತಿದೆ. ಜಪಾನ್‌ನಲ್ಲಿ ನಿಲ್ಲಿಸಿಯೇಬಿಟ್ಟರಂತೆ.

ಮಕ್ಕಳ ಡಾಕ್ಟರ್
ಒಳ್ಳೆಯ ಪ್ರಶ್ನೆ, ಒಂದೊಂದಾಗಿ ಹೇಳುತ್ತೇನೆ.

ಈಗಲೇ ಯಾಕೆ? ಲಸಿಕೆ ಇರುವ ಸೋಂಕನ್ನು ತೆಗೆಯುವುದಿಲ್ಲ, ಬರುವುದನ್ನು ತಡೆಯುತ್ತದೆ. ಜೊತೆಗೆ 9ರಿಂದ 14ರ ವಯಸ್ಸಿನಲ್ಲಿ ದೇಹ ಅದಕ್ಕೆ ತುಂಬಾ ಚೆನ್ನಾಗಿ ಸ್ಪಂದಿಸುತ್ತದೆ.

ಲಸಿಕೆಯೊಳಗೆ ಏನಿದೆ? ವೈರಸ್ ಇಲ್ಲ. ಅದರ ಹೊರಚಿಪ್ಪಿನ ಪ್ರೋಟೀನ್ ಮಾತ್ರ, ಒಳಗೆ ಖಾಲಿ. 1991ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಇಯಾನ್ ಫ್ರೇಜರ್ ಮತ್ತು ಜಿಯಾನ್ ಝೌ ಆ ಚಿಪ್ಪನ್ನು ಮಾಡುವ ದಾರಿ ಕಂಡುಕೊಂಡರು. ಚಿಪ್ಪಿನಿಂದ ಸೋಂಕು ಬರಲು ಸಾಧ್ಯವೇ ಇಲ್ಲ.

ಮಕ್ಕಳಾಗುವುದಿಲ್ಲ ಎನ್ನುವುದು ಸುಳ್ಳು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷತಾ ಸಮಿತಿ ಮತ್ತೆ ಪರಿಶೀಲಿಸುವ ಹೊತ್ತಿಗೆ 27 ಕೋಟಿಗೂ ಹೆಚ್ಚು ಡೋಸ್ ಹಂಚಿಕೆಯಾಗಿತ್ತು. ಬಂಜೆತನಕ್ಕೂ ಲಸಿಕೆಗೂ ಸಂಬಂಧ ಸಿಗಲಿಲ್ಲ. ತೋಳು ನೋವು, ಸ್ವಲ್ಪ ಜ್ವರ, ಕೆಲವರಿಗೆ ತಲೆಸುತ್ತು. ತೀವ್ರ ಅಲರ್ಜಿ ಬಹಳ ಅಪರೂಪ.

ಜಪಾನ್ ಕಥೆ ಅರ್ಧ ಮಾತ್ರ ನಿಮಗೆ ತಲುಪಿದೆ. ಅಲ್ಲಿ 2013ರ ಜೂನ್‌ನಲ್ಲಿ ಸರ್ಕಾರ ಲಸಿಕೆಯನ್ನು ನಿಷೇಧಿಸಲಿಲ್ಲ, ಶಿಫಾರಸು ಮಾಡುವುದನ್ನು ನಿಲ್ಲಿಸಿತು. ಸುದ್ದಿಯ ಭಯಕ್ಕೆ ಲಸಿಕೆ ಹಾಕಿಸಿಕೊಳ್ಳುವವರು ಶೇಕಡಾ 70ರಿಂದ 1ಕ್ಕಿಂತ ಕೆಳಗೆ ಬಿದ್ದರು. ದೂರಿದ ತೊಂದರೆಗಳಿಗೂ ಲಸಿಕೆಗೂ ನಂಟು ಸಿಗಲಿಲ್ಲ. 2022ರ ಏಪ್ರಿಲ್‌ನಲ್ಲಿ ಮತ್ತೆ ಶಿಫಾರಸು ಶುರುವಾಯಿತು. ನಡುವೆ ಹೋದದ್ದು ಸುಮಾರು ಒಂಬತ್ತು ವರ್ಷ, ಲಸಿಕೆ ತಪ್ಪಿದ ಲಕ್ಷಾಂತರ ಹುಡುಗಿಯರು.

ಪ್ರಶ್ನೆ ಚಿಹ್ನೆ
ಕೊನೆಯದು ಗೊತ್ತಿರಲಿಲ್ಲ. ಕೆಲಸ ಮಾಡುತ್ತದೆ ಅನ್ನುವುದಕ್ಕೆ ಕ್ಯಾನ್ಸರ್‌ನಲ್ಲೇ ಪುರಾವೆ ಇದೆಯಾ? ನರಹುಲಿ ಇಳಿದರೆ ಕ್ಯಾನ್ಸರ್ ಇಳಿದಂತಲ್ಲ.

ಮಕ್ಕಳ ಡಾಕ್ಟರ್
ಇದೆ. ಇಂಗ್ಲೆಂಡ್‌ನಲ್ಲಿ 12-13ನೇ ವಯಸ್ಸಿನಲ್ಲಿ ಲಸಿಕೆ ಸಿಕ್ಕ ತಲೆಮಾರಿನಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇಕಡಾ 87ರಷ್ಟು ಕಡಿಮೆಯಾಗಿದೆ ಅಂತ 2021ರಲ್ಲಿ ವರದಿ ಬಂತು. 2024ರಲ್ಲಿ ಸ್ಕಾಟ್ಲೆಂಡ್‌ನ ವರದಿ: 12-13ರಲ್ಲಿ ಲಸಿಕೆ ಪಡೆದವರಲ್ಲಿ ಒಂದೇ ಒಂದು ಪ್ರಕರಣವೂ ಕಾಣಲಿಲ್ಲ. ನಾನು ಓದುವ ಕಾಲದಲ್ಲಿ ಇಂಥ ವಾಕ್ಯ ಬರೆಯುವ ದಿನ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ.

ಗಂಡಸರ ಗಂಟಲ ಕ್ಯಾನ್ಸರ್ ಬರುವುದು ಹೆಚ್ಚಾಗಿ 50 ದಾಟಿದ ಮೇಲೆ. ಆದ್ದರಿಂದ ಅಲ್ಲಿ ಇಂಥ ಇಳಿಕೆ ಕಣ್ಣಿಗೆ ಕಾಣಲು ಇನ್ನೂ ಸಮಯ ಬೇಕು. ಆದರೆ ಲಸಿಕೆ ಪಡೆದವರ ಬಾಯಲ್ಲಿ ಆ ಬಗೆಯ ಸೋಂಕು ಬಹಳ ಕಡಿಮೆ ಇರುವುದು ಈಗಾಗಲೇ ಕಂಡಿದೆ.

ಪ್ರಶ್ನೆ ಚಿಹ್ನೆ
ಸರಿ. ನನ್ನ ಮಗಳ ಒಪ್ಪಿಗೆ ಪತ್ರ ಮೇಜಿನ ಮೇಲೇ ಬಿದ್ದಿದೆ. ಇವತ್ತು ಸಹಿ ಮಾಡುತ್ತೇನೆ.

ಲಸಿಕೆ ನರ್ಸ್
🙏

ಕಾಲೇಜ್ ಹುಡುಗ
ನನಗೆ 19. ಶಾಲೆಯಲ್ಲಿ ಸಿಗಲಿಲ್ಲ. ತಡ ಆಯಿತಾ?

ಮಕ್ಕಳ ಡಾಕ್ಟರ್
ಇಲ್ಲಪ್ಪ. 26ರವರೆಗೆ ಹಾಕಿಸಿಕೊಳ್ಳಬಹುದು ಅಂತ ಹಲವು ದೇಶಗಳ ಶಿಫಾರಸು ಇದೆ. ನಿಮ್ಮ ಡಾಕ್ಟರ್ ಬಳಿ ಎಷ್ಟು ಡೋಸ್ ಅಂತ ಕೇಳಿ. ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಡೋಸ್ ಜಾಸ್ತಿ ಬೇಕಾಗುತ್ತದೆ.

ಹಾಗಾದರೆ ಹೇಗೆ
ಸ್ವಲ್ಪ ವಿಷಯ ಬಿಟ್ಟು ಕೇಳುತ್ತೇನೆ. ನನ್ನ ಮಗನಿಗೆ ಸೂಜಿ ಅಂದರೆ ಪ್ರಾಣ ಹೋಗುತ್ತದೆ. ಅವನ ಸರದಿ ಬಂದರೂ ಓಡಿಹೋಗುತ್ತಾನೆ. ಏನು ಮಾಡುವುದು ಸಿಸ್ಟರ್?

ಲಸಿಕೆ ನರ್ಸ್
ಇದು ವಿಷಯ ಬಿಟ್ಟಿದ್ದಲ್ಲ, ನಮ್ಮ ದಿನದ ಅರ್ಧ ಕೆಲಸವೇ ಇದು. ಖಾಲಿ ಹೊಟ್ಟೆಯಲ್ಲಿ ಕಳಿಸಬೇಡಿ. ತೋಳು ಸಡಿಲ ಬಿಡಲು ಹೇಳಿ, ಬಿಗಿ ಹಿಡಿದರೆ ನೋವು ಜಾಸ್ತಿ. ಸಾಲಿನಲ್ಲಿ ನಿಂತು ಬೇರೆಯವರಿಗೆ ಚುಚ್ಚುವುದನ್ನು ನೋಡುತ್ತಾ ಇದ್ದರೆ ಭಯ ಏರುತ್ತದೆ. ಅದಕ್ಕೆ ನಾವು ಅಂಥ ಮಕ್ಕಳನ್ನು ಮೊದಲೇ ಕರೆದು ಮುಗಿಸುತ್ತೇವೆ. ಆಮೇಲೆ 15 ನಿಮಿಷ ಕೂರಿಸಲೇಬೇಕು. ಈ ವಯಸ್ಸಿನವರಿಗೆ ತಲೆಸುತ್ತು ಬರುವುದು ಸಾಮಾನ್ಯ. ಒಂದು ಮಗು ಬಿದ್ದರೆ ಹಿಂದೆಯೇ ಇನ್ನೆರಡು ಬೀಳುತ್ತವೆ, ಅದನ್ನು ನೋಡಿ ಪೋಷಕರು ಲಸಿಕೆಯಲ್ಲೇ ದೋಷ ಅಂದುಕೊಳ್ಳುತ್ತಾರೆ.

ಮತ್ತೆ ಟೀಚರ್ ಹೇಳಿದ ಆ ನಗು. ಅದು ನಮಗೆ ಎಷ್ಟು ಕಷ್ಟ ಕೊಡುತ್ತದೆ ಗೊತ್ತಾ? ಪಟ್ಟಿಯಲ್ಲಿ ಹೆಸರಿದ್ದು “ಹೊಟ್ಟೆನೋವು” ಅಂತ ಮನೆಯಲ್ಲೇ ಉಳಿಯುವ ಹುಡುಗಿಯರಲ್ಲಿ ಕೆಲವರಿಗೆ ನಿಜವಾದ ಕಾರಣ ಆ ನಗುವೇ. ಮುಚ್ಚಿದ ಕೋಣೆಗೆ ಹುಡುಗಿಯರನ್ನು ಮಾತ್ರ ಕರೆದರೆ ಹೊರಗೆ ಕಥೆ ಹುಟ್ಟುತ್ತದೆ. ಎಲ್ಲರನ್ನೂ ಕರೆದರೆ ಅದು ಬರೀ ಒಂದು ಇಂಜೆಕ್ಷನ್.

ಲೆಕ್ಕ ನೋಡೋಣ
ಇದು ಒಳ್ಳೆಯ ಮಾತು ಸಿಸ್ಟರ್. ನನ್ನ ಲೆಕ್ಕದಲ್ಲಿ ಈ ಅಂಶ ಇರಲಿಲ್ಲ. ಹುಡುಗರನ್ನು ಸೇರಿಸಿದರೆ ಹುಡುಗಿಯರ ಹಾಜರಿಯೂ ಏರುತ್ತದೆ ಎಂದಾದರೆ ನನ್ನ “ಸರದಿ” ವಾದ ಸ್ವಲ್ಪ ಸಡಿಲವಾಗುತ್ತದೆ.

ಆದರೂ ಇತಿಹಾಸ ಮರೆಯಬೇಡಿ. 2019ರಲ್ಲಿ ಲಸಿಕೆ ಸಾಲದೆ ಬಂದಾಗ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೇ ಹೇಳಿದರು, ಎಲ್ಲ ದೇಶಗಳ ಹುಡುಗಿಯರಿಗೆ ಸಿಗುವವರೆಗೆ ಹುಡುಗರ ಕಾರ್ಯಕ್ರಮವನ್ನು ತಡೆಹಿಡಿಯಿರಿ ಅಂತ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬ್ರಿಟನ್‌ನಲ್ಲಿ 12-13ರ ಹುಡುಗರಿಗೆ ಶುರುವಾಗಿತ್ತು. ಒಂದು ಕಡೆ ಹುಡುಗನಿಗೆ ಎರಡು ಡೋಸ್, ಇನ್ನೊಂದು ಕಡೆ ಹುಡುಗಿಗೆ ಒಂದೂ ಇಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಮಕ್ಕಳ ಡಾಕ್ಟರ್
ಅದು ಚುಚ್ಚಬೇಕಾದದ್ದೇ. ಆದರೆ ಅಲ್ಲಿಂದ ಇಲ್ಲಿಗೆ ಒಂದು ದೊಡ್ಡ ಬದಲಾವಣೆ ಆಗಿದೆ. ಕೀನ್ಯಾದಲ್ಲಿ 15ರಿಂದ 20 ವರ್ಷದ ಹೆಣ್ಣುಮಕ್ಕಳಿಗೆ ಒಂದೇ ಡೋಸ್ ಕೊಟ್ಟು ನೋಡಿದಾಗ 16 ಮತ್ತು 18ನೇ ಬಗೆಯ ವಿರುದ್ಧ ಶೇಕಡಾ 97ಕ್ಕೂ ಹೆಚ್ಚು ರಕ್ಷಣೆ ಸಿಕ್ಕಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20 ವರ್ಷದವರಿಗೆ ಒಂದು ಅಥವಾ ಎರಡು ಡೋಸ್ ಸಾಕು ಎಂದಿತು. 2023ರಲ್ಲಿ ಆಸ್ಟ್ರೇಲಿಯಾ, ಬ್ರಿಟನ್ ಎರಡೂ ಶಾಲೆಯಲ್ಲಿ ಒಂದೇ ಡೋಸ್‌ಗೆ ಬಂದವು, ಹುಡುಗರಿಗೂ ಸೇರಿಸಿ. ಇಬ್ಬರು ಹುಡುಗಿಯರಿಗೆ ನಾಲ್ಕು ಡೋಸ್ ಬೇಕಿದ್ದ ಕಡೆ ಈಗ ಇಬ್ಬರು ಹುಡುಗಿಯರು, ಇಬ್ಬರು ಹುಡುಗರು ಆಗುತ್ತಾರೆ. ಹುಡುಗರ ಮೇಲೆ ಒಂದೇ ಡೋಸ್‌ನ ಅಧ್ಯಯನ ಹುಡುಗಿಯರಷ್ಟು ಆಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ನನ್ನ ಅಭಿಪ್ರಾಯ: ಹುಡುಗಿಯರ ಡೋಸ್ ಒಂದೂ ಕಡಿಮೆ ಆಗಕೂಡದು. ಅದು ಖಾತ್ರಿ ಇರುವ ಕಡೆ ಹುಡುಗರನ್ನು ಇನ್ನು ಕಾಯಿಸಬಾರದು.

ಲೆಕ್ಕ ನೋಡೋಣ
ಇದಕ್ಕೆ ನನ್ನ ಸಹಿ ಇದೆ.

ಗುಬ್ಬಿಗೂಡು
ಇನ್ನೊಂದು. ನಮ್ಮ ಪೋಷಕರ ಗುಂಪಿನಲ್ಲಿ ಒಬ್ಬರು, ಇದನ್ನು ಹಾಕಿಸಿದರೆ ಮಕ್ಕಳು ದಾರಿ ತಪ್ಪುತ್ತಾರೆ ಅಂದರು. ನಾನು ಸುಮ್ಮನಿದ್ದುಬಿಟ್ಟೆ. ಏನು ಹೇಳಬೇಕಿತ್ತು?

ನೀಲಿ ಕೊಡೆ
ಹುಟ್ಟಿದ ಮಗುವಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕುತ್ತೇವೆ. ಅದೂ ದೊಡ್ಡವರಲ್ಲಿ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಯಾವ ಮಗು ಅದರಿಂದ ದಾರಿ ತಪ್ಪಿತು ಅಂತ ಕೇಳಿ ಅಕ್ಕ. ನಮ್ಮಣ್ಣ ದಾರಿ ತಪ್ಪಿದವನಲ್ಲ. ಮದುವೆಯಾಗಿ 25 ವರ್ಷ ಸಂಸಾರ ಮಾಡಿದವನು. ಕಾಯಿಲೆಗೆ ನಡತೆಯ ಪಟ್ಟಿ ಕಟ್ಟಿದ್ದರಿಂದಲೇ ಅವನು ತಿಂಗಳುಗಟ್ಟಲೆ ಯಾರಿಗೂ ಹೇಳಲಿಲ್ಲ.

ಮಕ್ಕಳ ಡಾಕ್ಟರ್
ಇದರ ಮೇಲೆ ಅಧ್ಯಯನಗಳೂ ಆಗಿವೆ. ಲಸಿಕೆ ಪಡೆದ ಮಕ್ಕಳು, ಪಡೆಯದವರು, ಇಬ್ಬರ ನಡವಳಿಕೆಯಲ್ಲೂ ವ್ಯತ್ಯಾಸ ಕಾಣಲಿಲ್ಲ.

ಏಳನೇ ಕ್ಲಾಸ್ ಟೀಚರ್
ಐದು ದಿನ ಆದಮೇಲೆ ಬರೆಯುತ್ತಿದ್ದೇನೆ. ತಡವಾಗಿದ್ದಕ್ಕೆ ಕ್ಷಮಿಸಿ.

ನಿನ್ನೆ ಮೊದಲ ಪೀರಿಯಡ್‌ನಲ್ಲಿ ಪಾಠ ಬದಿಗಿಟ್ಟೆ. ಆ ಹುಡುಗನ ಹೆಸರು ಹಿಡಿದೇ ಹೇಳಿದೆ: “ನೀನು ಒಳ್ಳೆಯ ಪ್ರಶ್ನೆ ಕೇಳಿದ್ದೆ. ನಾನು ತಪ್ಪು ಹೇಳಿದೆ. ಅದು ಹುಡುಗರಿಗೂ ಬರುತ್ತದೆ.” ಆಮೇಲೆ ಮಕ್ಕಳಿಗೆ ತಿಳಿಯುವಷ್ಟು ವಿವರಿಸಿದೆ. ಚಿಪ್ಪಿನ ಕಥೆ ಅವರಿಗೆ ತುಂಬಾ ಹಿಡಿಸಿತು ಡಾಕ್ಟರ್, ಬೋರ್ಡಿನ ಮೇಲೆ ಬರೆದು ತೋರಿಸಿದೆ. ಗಂಟಲಿನ ವಿಷಯವನ್ನೂ ಹೇಳಿದೆ. ಒಬ್ಬರು ಚೆನ್ನಾಗಿ ಹಾಡುತ್ತಿದ್ದರು ಎಂದಷ್ಟೇ ಹೇಳಿದೆ, ನೀಲಿ ಕೊಡೆಯವರೇ. ಕ್ಲಾಸು ನಿಶ್ಶಬ್ದವಾಯಿತು. ಹಿಂದಿನ ಬೆಂಚೂ ನಗಲಿಲ್ಲ.

ಆ ಹುಡುಗ ಮತ್ತೆ ಎದ್ದ. “ಹಾಗಾದ್ರೆ ನಮಗೆ ಯಾವಾಗ ಮಿಸ್?” ನನ್ನ ಬಳಿ ತಾರೀಖು ಇಲ್ಲ. ಇಲ್ಲ ಅಂತಲೇ ಹೇಳಿದೆ. ಹೆಡ್‌ಮಾಸ್ಟರ್ ಜೊತೆ ಮಾತಾಡಿ ಆರೋಗ್ಯ ಇಲಾಖೆಗೆ ಪತ್ರ ಬರೆದಿದ್ದೇವೆ, ಹುಡುಗರನ್ನೂ ಸೇರಿಸಿ ಅಂತ. ಪೋಷಕರ ಸಭೆಯಲ್ಲೂ ಓದುತ್ತೇವೆ.

ಇನ್ನೊಂದು ವಿಷಯ. ಆ ದಿನ “ಹೊಟ್ಟೆನೋವು” ಅಂತ ಬಾರದಿದ್ದ ಇಬ್ಬರು ಹುಡುಗಿಯರಿದ್ದರು. ಇವತ್ತು ಬೆಳಿಗ್ಗೆ ಅವರಲ್ಲಿ ಒಬ್ಬಳು ಒಪ್ಪಿಗೆ ಪತ್ರ ತಂದು ನನ್ನ ಮೇಜಿನ ಮೇಲಿಟ್ಟು ಹೋದಳು. ಏನೂ ಮಾತಾಡಲಿಲ್ಲ.

ಲಸಿಕೆ ನರ್ಸ್
ಟೀಚರ್, ಬಿಟ್ಟುಹೋದವರಿಗೆ ಅಂತ ತಂಡ ಇನ್ನೊಂದು ಸಲ ಬರುತ್ತದೆ, ಆ ಹೆಸರನ್ನು ಪಟ್ಟಿಗೆ ಸೇರಿಸಿಬಿಡಿ. ಇನ್ನೊಬ್ಬಳನ್ನೂ ಒಂದು ಮಾತು ಕೇಳಿ ನೋಡಿ. ಇಬ್ಬರಿಗೂ ಬೆಳಿಗ್ಗೆ ಹೊಟ್ಟೆ ತುಂಬಾ ತಿಂದು ಬರಲು ಹೇಳಿ.